ಕಾರಾ-ಬುಲುನ್ ರೇಡಿಯೋದ ಐದು ಗುಂಡಿಗಳು

"ಕೆಟಲಿನೊಳಗೆ ಬಿದ್ದ ನೊಣ, ಮುಚ್ಚಳ ತೆಗೀರಪ್ಪಾ ಅಂತ ಗೋಳಾಡಿದ್ರೆ ಹೇಗಿರುತ್ತೋ, ಹಾಗಿದೆ ನಮ್ಮೂರ ರೇಡಿಯೋ," ಎಂದರು ಜುಮಾಕದಿರ್ ಅಗಾಯ್, ನನ್ನ ಕಡೆ ಗದ್ದ ತೋರಿಸಿ. "ಅದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. ದನಿಯ ಉಸ್ತುವಾರಿ ಯಾರ ಕೈಲಿದೆ ನೋಡಿ. ಒಂಬತ್ತನೇ ಕ್ಲಾಸಲ್ಲಿ ನಾನು ಪಾಠ ಮಾಡ್ತಿದ್ರೆ ಇವನ ಕಿವಿ ಕಿಟಕಿ ಆಚೆ ಕುದುರೆ ಹತ್ರ ಇರ್ತಿತ್ತು. ಆ ಕಿವೀನ ನಂಬ್ಕೊಂಡು ಈಗ ಇಡೀ ಕಣಿವೆ ಹಾಡು ಕೇಳ್ತಾ ಇದೆ."

ಈ ಮಾತು ಹೊರಬಿದ್ದದ್ದು ಪಕ್ಕದ ಮನೆಯವರ ಮೊಮ್ಮಗನ ತೊಟ್ಟಿಲ ಹಬ್ಬದಲ್ಲಿ. ನಲವತ್ತು ಜನ ಊಟದ ಬಟ್ಟೆಯ ಸುತ್ತ ಕುಳಿತಿದ್ದರು. ನಲವತ್ತೂ ಜನ ನಕ್ಕರು. ಬಾಯಲ್ಲಿ ಕುರಿಮಾಂಸ ತುಂಬಿಕೊಂಡಿದ್ದವರು ಅದನ್ನು ನುಂಗಿ, ಗಂಟಲು ಸರಿಮಾಡಿಕೊಂಡು, ಸರದಿ ತಪ್ಪದೆ ನಕ್ಕರು. ನನ್ನ ತಾಯಿ ತಲೆವಸ್ತ್ರದ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಆದರೆ ಹೆಗಲು ಕುಣಿಯುತ್ತಿದ್ದುದನ್ನು ಮುಚ್ಚುವಷ್ಟು ದೊಡ್ಡ ವಸ್ತ್ರ ಅದಲ್ಲ.

ಅಗಾಯ್ ಅಂದರೆ ಮೇಷ್ಟ್ರು. ನಮ್ಮೂರಲ್ಲಿ ಒಮ್ಮೆ ಮೇಷ್ಟ್ರಾದವರು ನಿವೃತ್ತರಾದರೂ, ಹಲ್ಲು ಉದುರಿದರೂ ಅಗಾಯ್ ಆಗಿಯೇ ಉಳಿಯುತ್ತಾರೆ. ಅವರೆದುರು ನಾವು ಗಡ್ಡ ಬಂದರೂ ಒಂಬತ್ತನೇ ಕ್ಲಾಸಿನಲ್ಲಿಯೇ ಉಳಿಯುತ್ತೇವೆ. ನಾನಂತೂ ನಿಜವಾಗಿಯೂ ಅಲ್ಲೇ ಉಳಿದವನು. ಆಮೇಲೆ ಶಾಲೆಗೆ ಹೋಗಲಿಲ್ಲ. ಕೆಟ್ಟ ಟೇಪ್‌ರೆಕಾರ್ಡರುಗಳನ್ನು ಬಿಚ್ಚಿ, ಬೆರಳು ಸುಟ್ಟುಕೊಂಡು, ಕಲಿಯಬೇಕಾದ್ದನ್ನು ಕಲಿತೆ. ನಾಲ್ಕು ವರ್ಷದಿಂದ ಊರಿನ ಎಫ್‌ಎಂ ನಿಲಯದ ದನಿ ನಾನೇ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಮೈಕುಗಳು ವಯಸ್ಸಿನಲ್ಲಿ ನನಗಿಂತ ದೊಡ್ಡವು. ಅವುಗಳಿಂದ ಕೆಟಲಿನ ನೊಣ ಹೊರಡುವುದೇ ಒಂದು ಸಾಧನೆ. ಇದನ್ನು ನಾನು ಆ ನಲವತ್ತು ಜನರಿಗೆ ಹೇಳಬಹುದಿತ್ತು. ಹಿರಿಯರು ಮಾತಾಡುವಾಗ ಕಿರಿಯರು ಬಾಯಿ ತೆರೆಯುವುದು ರೊಟ್ಟಿ ಹಾಕಿಕೊಳ್ಳಲು ಮಾತ್ರ. ಹಾಕಿಕೊಂಡೆ. ಹಲ್ಲು ಕಡಿದದ್ದು ರೊಟ್ಟಿಗೆ ಗೊತ್ತು.

"ಅದಕ್ಕೇ ಅಲ್ವಾ ಅಗಾಯ್ ಹೊಸ ಪೆಟ್ಟಿಗೆ ಬರ್ತಿರೋದು," ಎಂದು ಮೆಲ್ಲಗೆ ಅಡ್ಡ ಬಂದರು ತೊಲೊಮುಶ್ ಬೈಕೆ.

ತೊಲೊಮುಶ್ ಬೈಕೆ ನಮ್ಮ ನಿಲಯದ ನಿರ್ದೇಶಕರು. ಊರಿಗೆಲ್ಲ ಅಣ್ಣನಂಥವರು, ಅದಕ್ಕೆ ಬೈಕೆ. ಅವರಿಗೆ ರೇಡಿಯೋ ಗೊತ್ತಿಲ್ಲ. ಕುರಿ ಗೊತ್ತು. ಹಬ್ಬದಲ್ಲಿ ಬೆಂದ ಕುರಿಯ ಎಲುಬುಗಳನ್ನು ಯಾರಿಗೆ ಯಾವುದು ಸಲ್ಲಬೇಕೋ ಅದನ್ನೇ ಬಡಿಸುವ ವಿದ್ಯೆಯಲ್ಲಿ ಈ ಕಣಿವೆಯಲ್ಲೇ ಅವರನ್ನು ಮೀರಿಸಿದವರಿಲ್ಲ. ಸೊಂಟದ ಎಲುಬು ಅತ್ಯಂತ ಹಿರಿಯರಿಗೆ, ಬಾಲದ ಭಾಗ ಹಿರಿಯ ಹೆಂಗಸರಿಗೆ, ಎದೆಯ ತುಂಡು ಅಳಿಯಂದಿರಿಗೆ. ಒಂದು ಎಲುಬು ಹೆಚ್ಚುಕಮ್ಮಿಯಾದರೆ ಎರಡು ಮನೆಗಳ ನಡುವೆ ಮೂರು ವರ್ಷ ಮಾತು ನಿಲ್ಲುತ್ತದೆ. ತೊಲೊಮುಶ್ ಬೈಕೆ ಮೂವತ್ತು ವರ್ಷ ಬಡಿಸಿದ್ದಾರೆ, ಒಬ್ಬರೂ ಮುನಿದಿಲ್ಲ. ನಿಲಯ ಶುರುವಾದಾಗ ಊರಿನ ಮೇಲಿನ, ಕೆಳಗಿನ ಎರಡೂ ಬೀದಿಯವರು ನಿರ್ದೇಶಕ ನಮ್ಮವನಾಗಬೇಕು ಎಂದು ಜಗಳಕ್ಕೆ ನಿಂತಿದ್ದರು. ಕೊನೆಗೆ ಯಾರನ್ನೂ ನೋಯಿಸದವರು ಇವರೊಬ್ಬರೇ ಎಂದು ಕೂರಿಸಿದರು. ನೋಯಿಸದ ಗುಟ್ಟು ಏನೆಂದರೆ ಅವರು ಎಲ್ಲರಿಗೂ ಹೌದು ಅನ್ನುತ್ತಾರೆ.

ಸೋಮವಾರ ರಾಜಧಾನಿಯಿಂದ ಎರಡು ಪೆಟ್ಟಿಗೆಗಳು ಬಂದವು. ಯಾವುದೋ ದೂರದ ಸಂಸ್ಥೆ ನಮಗೆ ದನಿ ಹದ ಮಾಡುವ ಯಂತ್ರ ಒಂದನ್ನು ದಾನ ಕೊಡಲು ಒಪ್ಪಿತ್ತು. ವ್ಯಾಪಾರಿ ಎರಡನ್ನು ಕಳಿಸಿ, ಒಂದು ವಾರ ಪರೀಕ್ಷಿಸಿ ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ವಾಪಸ್ ಮಾಡಿ ಅಂದಿದ್ದ. ಎರಡರ ಕೆಲಸವೂ ಒಂದೇ. ಸಣ್ಣಗೆ ಬಂದ ದನಿಯನ್ನು ಎತ್ತಬೇಕು, ಜೋರಾಗಿ ಬಂದದ್ದನ್ನು ಅದುಮಬೇಕು, ಮನೆಯಲ್ಲಿ ಕುಳಿತು ಕೇಳುವವನು ಕ್ಷಣಕ್ಕೊಮ್ಮೆ ಎದ್ದು ರೇಡಿಯೋದ ಕಿವಿ ಹಿಂಡುವ ಹಾಗಾಗಬಾರದು. ಒಂದು ಪೆಟ್ಟಿಗೆ ಬೂದು ಬಣ್ಣದ್ದು, ಇಟ್ಟಿಗೆಯಷ್ಟು, ಮೂಗಿಲ್ಲ ಮುಖವಿಲ್ಲ. ಇನ್ನೊಂದು ಸೂಟ್‌ಕೇಸಿನಷ್ಟು. ಮುಂದೆ ಐದು ಬೆಳ್ಳಿಯ ಬಣ್ಣದ ಗುಂಡಿಗಳು, ಹಸಿರು ಕೆಂಪು ದೀಪಗಳ ಸಾಲು.

ಸಂಸ್ಕೃತಿ ಭವನದ ಮಹಡಿಯ ನಮ್ಮ ಎರಡು ಕೋಣೆಗಳಲ್ಲಿ ಆಯ್ಕೆ ಸಮಿತಿ ಸೇರಿತು. ತೊಲೊಮುಶ್ ಬೈಕೆ ಇದ್ದರು. ಭೌತಶಾಸ್ತ್ರ ಪಾಠ ಮಾಡಿದವರೆಂದು ಅಗಾಯ್ ಇದ್ದರು. ಇಪ್ಪತ್ತು ವರ್ಷದಿಂದ ಜಿಲ್ಲೆಯ ಎಲ್ಲ ಸಮಾರಂಭಗಳಲ್ಲಿ ಮೈಕ್ ಹಿಡಿದಿರುವ, ಈಗ ನಮ್ಮ ನಿರೂಪಕಿಯಾದ ಬುರುಲ್ಚಾ ಎಜೆ, ಅಂದರೆ ಬುರುಲ್ಚಾ ಅಕ್ಕ, ಇದ್ದಳು. ನಾನು ಸಮಿತಿಯಲ್ಲಿ ಇರಲಿಲ್ಲ. ಚಹಾ ಕೊಡಲು ಇದ್ದೆ.

"ಬೈಕೆ, ಬೂದು ಪೆಟ್ಟಿಗೆ ಸಾಕು ನಮಗೆ," ಎಂದೆ ಬಟ್ಟಲು ಇಡುತ್ತಾ. "ಆ ದೊಡ್ಡದು ದಪ್ಪ ಗೋಡೆಯ ಸ್ಟುಡಿಯೋಗೆ, ಇಡೀ ದಿನ ಹಾಡು ಹಾಕೋರಿಗೆ ಮಾಡಿದ್ದು. ಅದಕ್ಕೆ ಸುಮ್ಮನಿರೋದು ಅಂದ್ರೆ ಆಗಲ್ಲ. ಮಾತಾಡೋರು ಒಂದು ಕ್ಷಣ ನಿಲ್ಲಿಸಿದ್ರೂ, ಇನ್ನೆಲ್ಲಿ ಏನು ಸದ್ದಿದೆ ಅಂತ ಹುಡುಕಿ ಎತ್ತಿ ಕೂರಿಸುತ್ತೆ. ನಮ್ಮ ಗೋಡೆ ನೋಡಿ. ಕೆಳಗೆ ಲೈಬ್ರರೀಲಿ ಯಾರಾದ್ರೂ ಸೀನಿದ್ರೆ ಇಲ್ಲಿ ನಾವು ಆಯಸ್ಸು ಹಾರೈಸ್ತೀವಿ."

ಅಗಾಯ್ ಕಲ್ಪಾಕ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ನಕ್ಕರು. "ದೊಡ್ಡ ಯಂತ್ರ ಕಂಡ್ರೆ ಹುಡುಗನಿಗೆ ಭಯ. ಸಹಜ. ತೊಲೊಮುಶ್, ಇಲ್ಲಿ ಕೇಳು. ಈ ಐದು ಗುಂಡಿ ಇದೆಯಲ್ಲ, ಎಡಗಡೆ ಮೊದಲನೇದು ದಪ್ಪ ದನಿಗೆ. ಬಲಗಡೆ ಕೊನೇದು ಕೀರಲು ದನಿಗೆ. ನಡುವಿನವು ನಡುವಿನದಕ್ಕೆ. ಅಷ್ಟೇ ವಿಜ್ಞಾನ."

"ದಪ್ಪ ದನಿ ಅಂದ್ರೆ ಹಿರಿಯರದು," ಎಂದರು ತೊಲೊಮುಶ್ ಬೈಕೆ. ಅವರ ಕಣ್ಣಿನಲ್ಲಿ ಮೊಟ್ಟಮೊದಲ ಬಾರಿಗೆ ರೇಡಿಯೋ ಅರ್ಥವಾದ ಬೆಳಕು ಕಂಡಿತು.

"ಸ್ಥೂಲವಾಗಿ ಹಾಗೇ ಅನ್ಕೋ," ಎಂದರು ಅಗಾಯ್. ಆಮೇಲೆ ಚಹಾ ಗುಟುಕರಿಸಿ, ಬಂದ ಕೆಲಸಕ್ಕೆ ಬಂದರು. "ಭಾನುವಾರ ದೊಡ್ಡ ಪೆಟ್ಟಿಗೆ ಹಾಕಿ ನೇರ ಪ್ರಸಾರ ಮಾಡಿ. ಶುರುವಿಗೆ ಊರಿಗೆ ಹಿರಿಯರ ಆಶೀರ್ವಾದ ನಾನೇ ಹೇಳ್ತೀನಿ. ಇಷ್ಟು ಒಳ್ಳೆ ಯಂತ್ರ ಇದ್ದೂ ದನಿ ಸರಿಹೋಗಲಿಲ್ಲ ಅಂದ್ರೆ ತಪ್ಪು ಯಂತ್ರದ್ದಲ್ಲ, ಅದನ್ನ ನಡೆಸೋನದು. ಆಗ ಬೇರೆ ಏರ್ಪಾಡು ಮಾಡೋಣ. ನನ್ನ ತಮ್ಮನ ಮಗ ಎರ್ಮೆಕ್ ಇದಾನೆ. ರಾಜಧಾನೀಲಿ ಓದಿದಾನೆ. ಡಿಪ್ಲೊಮಾ ಇದೆ."

"ಹೌದು ಅಗಾಯ್," ಎಂದರು ತೊಲೊಮುಶ್ ಬೈಕೆ.

"ಬೈಕೆ," ಎಂದೆ ನಾನು.

"ಹೌದು ಸುಯುನ್, ಹೌದು," ಎಂದರು ನನಗೂ.

ಹೀಗೆ ನನ್ನ ಕೆಲಸ ಭಾನುವಾರಕ್ಕೆ ಗಂಟು ಬಿತ್ತು.

ಮಂಗಳವಾರದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತು. ಹಬ್ಬಿದ ಸುದ್ದಿಯಲ್ಲಿ ವಿಜ್ಞಾನ ಇರಲಿಲ್ಲ. ರೇಡಿಯೋಗೆ ಐದು ಗುಂಡಿ ಬಂದಿದೆ, ಯಾರ ಗುಂಡಿ ಎಷ್ಟು ತಿರುಗಿರುತ್ತೋ ಅವರ ಮಾತು ಅಷ್ಟು ದೂರ ಹೋಗುತ್ತೆ, ತೊಲೊಮುಶ್ ಹಂಚುತ್ತಿದ್ದಾನೆ, ಇಷ್ಟೇ ಇತ್ತು. ಹಂಚುತ್ತಾರೆ ಅಂದ ಮೇಲೆ ಮನೆಯಲ್ಲಿ ಕೂರುವವರು ಯಾರು?

ಮೊದಲು ಬಂದವರು ಮೇಲಿನ ಬೀದಿಯ ಮಾತ್ಕೆರಿಮ್ ಅಜ್ಜ. ಎಂಬತ್ತೆರಡು ವರ್ಷ. ಮಹಡಿಯ ಮೆಟ್ಟಿಲನ್ನು ಮೂರು ಕಂತಿನಲ್ಲಿ ಹತ್ತಿ, ಉಸಿರು ತಿರುಗುವ ತನಕ ಪೆಟ್ಟಿಗೆಯನ್ನೇ ದಿಟ್ಟಿಸಿದರು.

"ಮೊದಲನೇ ಗುಂಡಿ ಯಾರದ್ದಪ್ಪಾ?"

"ಹಿರಿಯರದ್ದು ಅಜ್ಜಾ," ಎಂದರು ತೊಲೊಮುಶ್ ಬೈಕೆ.

"ಹಿರಿಯರು ಅಂದ್ರೆ ಮೇಲಿನ ಬೀದಿಯವರಾ ಕೆಳಗಿನ ಬೀದಿಯವರಾ?"

"ಇಬ್ಬರದ್ದೂ."

"ಒಂದು ಸೊಂಟದ ಎಲುಬು ಇಬ್ಬರ ತಟ್ಟೇಲಿ ಹಾಕ್ತೀಯಾ?"

ತೊಲೊಮುಶ್ ಬೈಕೆ ಬಿಳುಚಿಕೊಂಡರು. ಮೂವತ್ತು ವರ್ಷದ ಕೀರ್ತಿ ಒಂದು ಗುಂಡಿಯ ಮೇಲೆ ಜಾರುತ್ತಿತ್ತು. "ಅಜ್ಜ, ಅದು ದನಿಯ ದಪ್ಪ ಅಷ್ಟೇ, ಬೀದಿ ಇಲ್ಲ ಅದರಲ್ಲಿ," ಎಂದು ನಾನು ಹೇಳಲು ಹೋದೆ. ಅಜ್ಜ ನನ್ನ ಕಡೆ ತಿರುಗಿ, "ನೀನು ಯಾರ ಮಗ?" ಎಂದರು. ಗೊತ್ತಿಲ್ಲದೆ ಕೇಳಿದ್ದಲ್ಲ. ನಮ್ಮಲ್ಲಿ ಅದು ಬಾಯಿ ಮುಚ್ಚಿಸುವ ಮರ್ಯಾದೆಯ ದಾರಿ.

ಬುಧವಾರ ತೊಲೊಮುಶ್ ಬೈಕೆ ಅಂಟುಪಟ್ಟಿಯ ಮೇಲೆ ಹೆಸರು ಬರೆದು ಗುಂಡಿಗಳ ಕೆಳಗೆ ಅಂಟಿಸಿದರು. ಮೊದಲನೆಯದು ಮೇಲಿನ ಬೀದಿಯ ಹಿರಿಯರು. ಎರಡನೆಯದು ಕೆಳಗಿನ ಬೀದಿಯ ಹಿರಿಯರು, ಆದರೆ ಅವರಿಗೆ ಕೀಳಾಗಬಾರದೆಂದು ಅಕ್ಷರ ಸ್ವಲ್ಪ ದೊಡ್ಡದು. ಮೂರನೆಯದು ಅಗಾಯ್ ಮತ್ತು ಇತರ ಮೇಷ್ಟ್ರುಗಳು. ನಾಲ್ಕನೆಯದು ಹಿರಿಯ ಹೆಂಗಸರು. ಐದನೆಯದು ಸೊಸೆಯರು, ಅಳಿಯಂದಿರು, ಹಾಡುಗಾರರು.

"ನಾನು ಎಲ್ಲಿ?" ಎಂದಳು ಬುರುಲ್ಚಾ ಎಜೆ.

"ನಾಲ್ಕರಲ್ಲಿ ಎಜೆ."

"ಹಿರಿಯ ಹೆಂಗಸರು ಅಂತ ಬರೆದಿದೆ."

ಅವಳಿಗೆ ಐವತ್ತೆರಡು. ಹನ್ನೊಂದು ವರ್ಷದಿಂದ ಅವಳು ನಲವತ್ತೊಂದರಲ್ಲಿಯೇ ತಂಗಿದ್ದಾಳೆಂಬುದು ಊರಿಗೆಲ್ಲ ಗೊತ್ತಿದ್ದು ಯಾರೂ ಆಡದ ವಿಷಯ.

"ಹಂಗಾದ್ರೆ ಐದಕ್ಕೆ ಹಾಕಲಾ?"

"ಸೊಸೆಯರ ಜೊತೆ ಬಾಗಿಲ ಹತ್ರ ಕೂತ್ಕೋಬೇಕಾ ನಾನು?"

ಕೊನೆಗೆ ನಾಲ್ಕಕ್ಕೂ ಐದಕ್ಕೂ ನಡುವೆ, ಯಾವ ಗುಂಡಿಯೂ ಇಲ್ಲದ ಜಾಗದಲ್ಲಿ, ಬುರುಲ್ಚಾ ಎಂದು ಒಂದು ಚೀಟಿ ಅಂಟಿಸಿದರು. ಅವಳಿಗೆ ತೃಪ್ತಿಯಾಯಿತು. ಆ ಪೆಟ್ಟಿಗೆಯ ಮೇಲೆ ಅತ್ಯಂತ ನಿರುಪದ್ರವಿಯಾದ ಚೀಟಿ ಅದೊಂದೇ.

ಆಮೇಲೆ ಎರಡು ದಿನ ಊರಿನವರು ತಮ್ಮ ತಮ್ಮ ಗುಂಡಿ ನೋಡಲು ಬಂದರು. ಕೈಯಲ್ಲಿ ಕರಿದ ಹಿಟ್ಟಿನುಂಡೆ ಬೋರ್ಸೋಕ್, ಒಣ ಏಪ್ರಿಕಾಟ್. ನೋಡಿ ಹೋಗುವಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮದನ್ನು ಒಂಚೂರು ಬಲಕ್ಕೆ ತಿರುಗಿಸಿ ಹೋದರು. ಮೇಲಿನ ಬೀದಿ ಒಂಚೂರು, ಕೆಳಗಿನ ಬೀದಿ ಒಂಚೂರು. ಮೇಷ್ಟ್ರುಗಳು ಪಾಳಿ ಹಾಕಿಕೊಂಡು ಬಂದರು. ಸೊಸೆಯರು ಮಾತ್ರ ನಾಚಿಕೊಂಡು ದೂರ ನಿಂತರು; ಅವರ ಪರವಾಗಿ ಒಬ್ಬ ಅಳಿಯ ಐದನೆಯದನ್ನು ಕೊನೆಯವರೆಗೂ ತಿರುಗಿಸಿ, ಅದು ಇನ್ನೂ ತಿರುಗುತ್ತದೆಯೇ ಎಂದು ಹಲ್ಲು ಕಚ್ಚಿ ನೋಡಿದ. ಶುಕ್ರವಾರದ ಹೊತ್ತಿಗೆ ಐದೂ ಗುಂಡಿಗಳು ತುದಿಯಲ್ಲಿದ್ದವು. ಎಲ್ಲರೂ ಸಮಾನರಾಗಿದ್ದರು. ನಮ್ಮೂರಿನ ಚರಿತ್ರೆಯಲ್ಲಿ ಇದು ಮೊದಲ ಸಲ, ಮತ್ತು ಯಾರ ಗಮನಕ್ಕೂ ಬರಲಿಲ್ಲ.

ನಾನು ಅವನ್ನೆಲ್ಲ ಹಿಂದಕ್ಕೆ ತಿರುಗಿಸಿದೆ. ಹತ್ತೇ ನಿಮಿಷ. ಅಷ್ಟರಲ್ಲಿ ಅಗಾಯ್ ಬಂದರು, ಮೂರನೇ ಗುಂಡಿ ನೋಡಿದರು.

"ಇದು ಯಾರು ಇಳಿಸಿದ್ದು?"

"ನಾನು. ಹೀಗಿಟ್ರೆ ಪೆಟ್ಟಿಗೆ ಸಿಕ್ಕಿದ್ದನ್ನೆಲ್ಲ ಎಳ್ಕೊಂಡು ಬರುತ್ತೆ ಅಗಾಯ್. ನೀವು ಉಸಿರು ತಗೊಳ್ಳೋದೂ ನಿಮ್ಮ ಮಾತಿನಷ್ಟೇ ಜೋರಾಗಿ ಕೇಳುತ್ತೆ."

"ಗೊತ್ತಾಯ್ತು ನಿನ್ನ ಹುನ್ನಾರ. ದೊಡ್ಡ ಪೆಟ್ಟಿಗೆ ಕೆಟ್ಟದಾಗಿ ಕೇಳಿಸ್ಬೇಕು, ಆಗ ನಿನ್ನ ಬೂದು ಇಟ್ಟಿಗೆ ಗೆಲ್ಲುತ್ತೆ. ತೊಲೊಮುಶ್, ಅಂಟಿಸೋ ಟೇಪ್ ತಗೊಂಡು ಬಾ."

ಐದೂ ಗುಂಡಿಗಳನ್ನು ಮತ್ತೆ ತುದಿಗೆ ತಿರುಗಿಸಿ, ಮೇಲೆ ಅಗಲವಾದ ಟೇಪ್ ಹೊಡೆದರು. ಟೇಪಿನ ಮೇಲೆ ಸಮಿತಿಯ ಮೂವರೂ ಸಹಿ ಮಾಡಿದರು. ನನಗೆ ಹುಕುಂ ಬಂತು: ಭಾನುವಾರ ಪ್ರಸಾರ ಮುಗಿಯುವ ತನಕ ಪೆಟ್ಟಿಗೆ ಮುಟ್ಟಬಾರದು.

ಮನೆಗೆ ಬಂದು ತಾಯಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. "ಬಾಯಿ ಮುಚ್ಕೊಂಡು ಹೇಳಿದಷ್ಟು ಮಾಡು," ಎಂದಳು. "ಕೆಲಸ ಹೋದ್ರೆ ನಿನ್ನ ಚಿಕ್ಕಪ್ಪನ ಜೊತೆ ರಷ್ಯಾಗೆ ಹೋಗಿ ಹಿಮ ಗುಡಿಸ್ತೀಯಾ?" ಚಿಕ್ಕಪ್ಪ ಏಳು ವರ್ಷದಿಂದ ಗುಡಿಸುತ್ತಿದ್ದಾನೆ. ಹಿಮ ಮುಗಿದಿಲ್ಲ.

ಭಾನುವಾರ ಹನ್ನೊಂದಕ್ಕೆ ಅಗಾಯ್ ಇಸ್ತ್ರಿ ಹಾಕಿದ ಕೋಟು, ಎರಡು ಪದಕ, ಹೊಸ ಕಲ್ಪಾಕ್ ಧರಿಸಿ ಬಂದರು. ಜೊತೆಗೆ ಎರ್ಮೆಕ್‌ನನ್ನೂ ಕರೆತಂದಿದ್ದರು, ಕೆಲಸದ ಜಾಗ ನೋಡಿಕೊಳ್ಳಲಿ ಅಂತ. ಅವನು ಕೆಳಗೆ ಮೆಟ್ಟಿಲ ಹತ್ತಿರ ನಿಂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ. ಸ್ಟುಡಿಯೋದಲ್ಲಿ ಒಂದು ಮೈಕ್ ಅಗಾಯ್ ಮುಂದೆ. ಎರಡನೆಯದು ತೊಲೊಮುಶ್ ಬೈಕೆ ಮುಂದೆ. ಆಶೀರ್ವಾದದ ಕೊನೆಗೆ ಓಮಿನ್ ಎಂದು ಮುಖ ಸವರಿಕೊಳ್ಳುವುದು ಅವರ ಪಾಲಿನ ಕೆಲಸ. ಗಾಜಿನ ಈಚೆ ನಾನು ಮತ್ತು ಬುರುಲ್ಚಾ ಎಜೆ. ಪೆಟ್ಟಿಗೆ ಟೇಪಿನೊಳಗಿತ್ತು. ಆದರೆ ಎರಡು ಮೈಕುಗಳನ್ನು ತೆರೆಯುವ ಮುಚ್ಚುವ ಕಡ್ಡಿಗಳು ನನ್ನ ಮುಂದಿದ್ದ ದನಿ ಬೆರೆಸುವ ಮಿಕ್ಸರಿನಲ್ಲಿದ್ದವು, ಅದಕ್ಕೆ ಟೇಪ್ ಹೊಡೆಯಬೇಕೆಂದು ವಿಜ್ಞಾನಕ್ಕೆ ಹೊಳೆದಿರಲಿಲ್ಲ.

ಮೈಕ್ ತೆರೆದಾಗ ಸ್ಟುಡಿಯೋದ ಸ್ಪೀಕರ್ ತಾನಾಗಿ ನಿಲ್ಲುತ್ತದೆ. ಒಳಗಿದ್ದವರಿಗೆ ಹೊರಗೆ ಏನು ಹೋಗುತ್ತಿದೆ ಎಂದು ತಿಳಿಯುವುದಿಲ್ಲ. ನನ್ನ ಕಿವಿಯ ಮೇಲೆ ಹೆಡ್‌ಫೋನ್ ಇತ್ತು.

ಅಗಾಯ್ ಎರಡೂ ಅಂಗೈ ಬಿಚ್ಚಿ ಶುರುಮಾಡಿದರು. ಒಪ್ಪಬೇಕಾದ್ದೇ, ದನಿ ಕಂಚಿನ ಹಾಗಿತ್ತು.

"ನಿಮ್ಮ ಕುರಿಗಳು ಜೋಡಿ ಮರಿ ಹಾಕಲಿ."

ಹಿರಿಯರ ಆಶೀರ್ವಾದದಲ್ಲಿ ಸಾಲಿಗೂ ಸಾಲಿಗೂ ನಡುವೆ ಬಿಡುವಿರುತ್ತದೆ. ವಯಸ್ಸಾದಷ್ಟೂ ಬಿಡುವು ಉದ್ದ. ಅಗಾಯ್‌ಗೆ ಎಪ್ಪತ್ತೊಂದು. ಆ ಬಿಡುವಿನಲ್ಲಿ ಪೆಟ್ಟಿಗೆಯ ಹಸಿರು ದೀಪಗಳು ಒಂದೊಂದಾಗಿ ಮೇಲೇರಿದವು. ಚಹಾಕ್ಕೆ ಇಟ್ಟಿದ್ದ ಕೆಟಲ್ ಕುದಿಯುವ ಸದ್ದು ಇಡೀ ಕಣಿವೆಗೆ ಹೋಯಿತು, ರೈಲು ಬಂದ ಹಾಗೆ.

"ನಿಮ್ಮ ಮಾತು ಹಿರಿಯರಿಗೆ ಹಿತವಾಗಲಿ."

ಬಿಡುವು. ಕೆಳಗಿನ ಲೈಬ್ರರಿಯಾಕೆ ಯಾರಿಗೋ ಹೇಳುವುದು ಸ್ಪಷ್ಟವಾಗಿ ಕೇಳಿತು: "ಈಗ್ಲೇ ಮೇಲೆ ಹೋಗ್ಬೇಡ, ಅಗಾಯ್ ಶುರು ಮಾಡಿದಾರೆ, ಸೂರ್ಯ ಮುಳುಗೋದ್ರೊಳಗೆ ಮುಗಿಯಲ್ಲ."

ಬುರುಲ್ಚಾ ಎಜೆ ಕೈಯನ್ನು ಬಾಯಿಗೆ ಒತ್ತಿಕೊಂಡಳು. "ಸುಯುನ್, ಏನಾದ್ರೂ ಮಾಡೋ."

"ಸಹಿ ನಿಮ್ಮದೇ ಇದೆ ಎಜೆ ಟೇಪಿನ ಮೇಲೆ."

"ನಿಮ್ಮ ಮನೆಗೆ ಬಂದ ಅತಿಥಿ ನಗುತ್ತಾ ಹೋಗಲಿ," ಎಂದರು ಅಗಾಯ್.

ಈ ಬಿಡುವಿನಲ್ಲಿ ಅವರು ಸುಮ್ಮನಿರಲಿಲ್ಲ. ತಮ್ಮ ಮೈಕಿನಿಂದ ಮುಖ ತಿರುಗಿಸಿ, ತೊಲೊಮುಶ್ ಬೈಕೆಯ ಕಿವಿಯತ್ತ ಬಾಗಿದರು. ಅಂದರೆ ಎರಡನೇ ಮೈಕಿನತ್ತ. ಬಾಗಿದ್ದನ್ನು ಗಾಜಿನಿಂದ ನೋಡಿದೆ. ನನ್ನ ಬೆರಳು ಎರಡನೇ ಮೈಕಿನ ಕಡ್ಡಿಯ ಮೇಲೆಯೇ ಇತ್ತು. ಒಂದು ಅಂಗುಲ ಕೆಳಗೆಳೆದರೆ ಮುಗಿಯುತ್ತಿತ್ತು. ಕೆಟಲಿನ ನೊಣ ನೆನಪಾಯಿತು, ನಲವತ್ತು ಜನರ ನಗು ನೆನಪಾಯಿತು. ಎಳೆಯಲಿಲ್ಲ.

ಅಗಾಯ್ ಪಿಸುಗುಟ್ಟಿದರು. ಪೆಟ್ಟಿಗೆ ಆ ಪಿಸುಮಾತನ್ನು ಎರಡೂ ಕೈಯಲ್ಲಿ ಎತ್ತಿ, ಅಷ್ಟೇ ಕಂಚಿನ ದನಿಯಲ್ಲಿ, ಮೇಲಿನ ಬೀದಿ, ಕೆಳಗಿನ ಬೀದಿ, ಬೇಸಿಗೆ ಹುಲ್ಲುಗಾವಲಿನ ಡೇರೆಗಳವರೆಗೂ ಬಡಿಸಿತು:

"ಸುಯುನ್ ಒಳ್ಳೆ ಕೆಲಸಗಾರನೇ ಕಣೋ ತೊಲೊಮುಶ್, ನನಗೆ ಗೊತ್ತಿಲ್ವಾ. ಆ ಹಳೇ ಮೈಕಲ್ಲಿ ಇನ್ನೊಬ್ಬ ಆಗಿದ್ರೆ ಅಷ್ಟೂ ಬರ್ತಿರಲಿಲ್ಲ. ಆದ್ರೆ ನಮ್ಮ ಎರ್ಮೆಕ್ ಎಂಟು ತಿಂಗಳಿಂದ ನನ್ನ ಮನೇಲಿ ಕೂತು ರೊಟ್ಟಿ ಮುಗಿಸ್ತಿದಾನೆ. ಅವನ ಡಿಪ್ಲೊಮಾ ಫ್ರಿಜ್ ರಿಪೇರಿದು. ಊರಲ್ಲಿರೋದು ಹನ್ನೆರಡು ಫ್ರಿಜ್, ಒಂದೂ ಕೆಡ್ತಿಲ್ಲ. ಎಲ್ಲಿಗೆ ಹಾಕಲಿ ಅವನನ್ನ?"

"ಹೌದು ಅಗಾಯ್," ಎಂದು ಪಿಸುಗುಟ್ಟಿದರು ತೊಲೊಮುಶ್ ಬೈಕೆ. "ಆದ್ರೆ ಸುಯುನ್ ಹೋದ್ರೆ ನನಗೆ ಇದನ್ನ ಆನ್ ಮಾಡೋಕೂ ಬರಲ್ಲ."

ಅದೂ ಹೋಯಿತು.

ಅಗಾಯ್ ನೇರವಾಗಿ ಕುಳಿತು, ಇನ್ನೂ ಆರು ಸಾಲು ಆಶೀರ್ವಾದವನ್ನು ಘನತೆಯಿಂದ ಮುಗಿಸಿದರು. ಓಮಿನ್ ಆಯಿತು. ಮುಖ ಸವರಿಕೊಂಡರು. ಟೆಲಿಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಮೊದಲ ಕರೆ ಅಗಾಯ್ ಅವರ ಹೆಂಡತಿಯದು. ಅಗಾಯ್ ಕೇಳಿಸಿಕೊಂಡರು, "ಹೂಂ" ಎಂದರು, ಇನ್ನೊಂದು "ಹೂಂ" ಎಂದರು, ಮೂರನೆಯ "ಹೂಂ" ನಲ್ಲಿ ಕಂಚು ಉಳಿದಿರಲಿಲ್ಲ.

ನಾವು ಕೆಳಗಿಳಿದಾಗ ಸಂಸ್ಕೃತಿ ಭವನದ ಮುಂದೆ ಊರು ನೆರೆದಿತ್ತು. ಯಾರೂ ಸಿಟ್ಟಾಗಿರಲಿಲ್ಲ. ಅದೇ ಭಯಂಕರ. ಎಲ್ಲರ ಮುಖದಲ್ಲೂ ಒಳ್ಳೆಯ ಊಟದ ಕಳೆ.

"ಅಗಾಯ್, ಆಶೀರ್ವಾದ ಚೆನ್ನಾಗಿತ್ತು," ಎಂದರು ಮಾತ್ಕೆರಿಮ್ ಅಜ್ಜ. "ನಡುನಡುವೆ ಇದ್ದದ್ದು ಇನ್ನೂ ಚೆನ್ನಾಗಿತ್ತು."

"ನಮ್ಮ ಅಜ್ಜಿಗೆ ಎರಡೂ ಕಿವಿ ಮಂದ," ಎಂದ ಒಬ್ಬ. "ಅವಳಿಗೂ ಫ್ರಿಜ್ ವಿಷಯ ಪೂರ್ತಿ ಕೇಳಿಸ್ತು. ಇದೇ ಪೆಟ್ಟಿಗೆ ಇರ್ಲಿ ಬೈಕೆ. ಮುಂದಿನ ವಾರ ಜಿಲ್ಲಾಧಿಕಾರೀನ ಕೂರಿಸಿ."

"ಅದಾದ ಮೇಲೆ ನನ್ನ ಅತ್ತೇನ," ಎಂದಳು ಹಿಂದಿನಿಂದ ಒಬ್ಬ ಸೊಸೆ. ಸೊಸೆಯೊಬ್ಬಳು ಅಷ್ಟು ಜನರ ಮುಂದೆ ಬಾಯಿಬಿಟ್ಟದ್ದು ಕಂಡು ಅಳಿಯಂದಿರು ತಬ್ಬಿಬ್ಬಾದರು.

ಎರ್ಮೆಕ್ ಬೀಜದ ಸಿಪ್ಪೆ ಉಗುಳಿ, "ನಾನು ಆವತ್ತೇ ಹೇಳಿದ್ದೆ ದೊಡ್ಡಪ್ಪ, ನನಗೆ ರೇಡಿಯೋ ಕೇಳೋಕೂ ಬರಲ್ಲ ಅಂತ," ಎಂದ. ಅವನ ಮುಖದಲ್ಲಿ ಜೈಲಿನಿಂದ ಬಿಟ್ಟ ಸಂತೋಷವಿತ್ತು. ನನಗೆ ಅವನನ್ನು ಹೊಡೆಯಬೇಕೆಂದು ಆರು ದಿನದಿಂದ ಕೈ ಕಡಿಯುತ್ತಿತ್ತು. ಈಗ ಹೊಡೆಯಲು ಅಲ್ಲಿ ಏನೂ ಉಳಿದಿರಲಿಲ್ಲ.

ತೊಲೊಮುಶ್ ಬೈಕೆ ಜೇಬಿನಿಂದ ವ್ಯಾಪಾರಿಗೆ ಕಳಿಸಬೇಕಾದ ಆಯ್ಕೆಯ ಅರ್ಜಿ ತೆಗೆದು ಊರನ್ನು ನೋಡಿದರು, ಅಗಾಯ್‌ರನ್ನು ನೋಡಿದರು, ನನ್ನನ್ನು ನೋಡಿದರು. ದೊಡ್ಡದು ಎಂದು ಊರು, ಬೂದು ಎಂದು ನಾನು.

ಅರ್ಜಿಯನ್ನು ಕಿತ್ತುಕೊಂಡವರು ಅಗಾಯ್. ಕೋಟಿನಿಂದ ಪೆನ್ನು ತೆಗೆದು, ಅದರಲ್ಲಿ ಮೊದಲೇ ಬರೆದಿಟ್ಟಿದ್ದ ದೊಡ್ಡ ಪೆಟ್ಟಿಗೆಯ ಹೆಸರಿನ ಮೇಲೆ ಎರಡು ಗೆರೆ ಎಳೆದು, ಕೆಳಗೆ ಬೂದು ಪೆಟ್ಟಿಗೆಯ ಹೆಸರು ಬರೆದು, ಸಹಿ ಮಾಡಿದರು. ಕಾಗದ ಹರಿಯುವಷ್ಟು ಒತ್ತಿದ ಸಹಿ.

"ಸಣ್ಣ ನಿಲಯಕ್ಕೆ ಸಣ್ಣ ಯಂತ್ರವೇ ವಾಸಿ," ಎಂದರು. "ವಿಜ್ಞಾನ ಹಾಗೆ ಹೇಳುತ್ತೆ. ದೊಡ್ಡದನ್ನ ಇವತ್ತೇ ಬಸ್ಸಿಗೆ ಹಾಕಿ." ಪೆನ್ನು ಜೇಬಿಗಿಟ್ಟರು. "ಸುಯುನ್ ಇರ್ಲಿ. ಅವನ ಜಾಗದಲ್ಲೇ ಇರ್ಲಿ."

"ಹೌದು ಅಗಾಯ್," ಎಂದರು ತೊಲೊಮುಶ್ ಬೈಕೆ. ಆ ವಾರದಲ್ಲಿ ಅವರು ಮನಸ್ಸಿನಿಂದ ಹೇಳಿದ ಮೊದಲ ಹೌದು ಅದು.

ನಾನು ಮೇಲೆ ಹೋಗಿ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ ತಂದೆ. ಚೀಟಿಗಳು ಅಂಟಿಕೊಂಡೇ ಇದ್ದವು. ಬಸ್ಸಿನವನು ಬರುವ ತನಕ ಮೆಟ್ಟಿಲ ಮೇಲೆ ಇಟ್ಟೆ. ಊರಿನವರು ಅದರ ಸುತ್ತ ನಿಂತು, ಊರು ಬಿಟ್ಟು ಹೋಗುವ ನೆಂಟನನ್ನು ನೋಡುವಂತೆ ನೋಡಿದರು. ಅಗಾಯ್ ನನ್ನ ಹತ್ತಿರ ಬಂದರು. ಕಲ್ಪಾಕ್ ಕೈಯಲ್ಲಿತ್ತು. ತಲೆ ನಾನು ಎಣಿಸಿದ್ದಕ್ಕಿಂತ ಬೆಳ್ಳಗಿತ್ತು.

"ಒಂದು ಮಾತು ಹೇಳು," ಎಂದರು. ಸಣ್ಣಗೇ ಕೇಳಿದರು, ಆದರೆ ಅಷ್ಟು ಹೊತ್ತಿಗೆ ಊರಿಗೆ ಸಣ್ಣ ಮಾತು ಕೇಳುವ ರುಚಿ ಹತ್ತಿತ್ತು, ಎಲ್ಲರೂ ಬಾಯಿ ಮುಚ್ಚಿದರು. "ಪೆಟ್ಟಿಗೆ ಟೇಪ್ ಒಳಗಿತ್ತು, ಒಪ್ಪಿದೆ. ತೊಲೊಮುಶ್ ಮುಂದಿನ ಮೈಕ್ ನಿನ್ನ ಕೈಲಿತ್ತಲ್ಲ. ಅದನ್ನ ಮುಚ್ಚೋಕೆ ಆಗ್ತಿತ್ತಾ ನಿನಗೆ?"

ತಾಯಿ ಗುಂಪಿನಲ್ಲಿದ್ದಳು. ತಲೆವಸ್ತ್ರ ಬಿಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಹಾಡಿನ ಹೊತ್ತಾಯ್ತು ಅಗಾಯ್," ಎಂದು ನಾನು ಬೂಟಿನ ಧೂಳು ಕೊಡವಿದೆ. ಜನ ದಾರಿ ಬಿಟ್ಟರು. ಹನ್ನೆರಡೂವರೆಯ ಹಾಡುಗಳಿಗೆ ಇನ್ನು ಐದು ನಿಮಿಷ ಇತ್ತು. ಮೆಟ್ಟಿಲು ಹತ್ತಿ ಒಳಗೆ ಹೋದೆ.